ಕುದುರೆ ಕುಂಟಿದ್ದಕ್ಕೆ ಮಗಳ ಶಾಲೆ ಬಿಡಿಸಿದ ತಮ್ಮನಿಗೆ

ಮಾನ್ವಿ
ಶ್ರಾವಣ ಶುಕ್ರವಾರ, ೧೯೪೪

ಚಿರಂಜೀವಿ ತಮ್ಮ ವಿರೂಪಣ್ಣನಿಗೆ,

ನಿನ್ನ ಅಕ್ಕನ ಆಶೀರ್ವಾದ. ಕ್ಷೇಮಸಮಾಚಾರ ಕೊನೆಗೆ ಬರೆಯುತ್ತೇನೆ, ಮೊದಲು ಸಿಟ್ಟು ಇಳಿಯಲಿ. ರಾಯಚೂರಿನ ನಿನ್ನ ಮನೆಯಿಂದ ಬಂದಾಗಿನಿಂದ ಈ ಕಾಗದವನ್ನೇ ಮನಸ್ಸಿನಲ್ಲಿ ಬರೆಯುತ್ತಿದ್ದೇನೆ.

ನಿನ್ನ ಟಾಂಗಾದ ಕುದುರೆಯ ಕಾಲು ಉಳುಕಿತು. ಸರಿ, ಮೂಕಪ್ರಾಣಿ, ಅದರ ತಪ್ಪಲ್ಲ. ಆದರೆ ಕುದುರೆ ಕುಂಟಿತೆಂದು ಮಗಳ ಶಾಲೆ ಬಿಡಿಸುವ ಜಾಣ ಈ ನಿಜಾಮನ ಸೀಮೆಯಲ್ಲಿ ನಿನ್ನನ್ನು ಬಿಟ್ಟರೆ ಇನ್ನೊಬ್ಬನಿದ್ದಾನೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಗಾದೆಯೆಂದುಕೊಂಡಿದ್ದೆ, ನಿನ್ನ ಮನೆಯಲ್ಲಿ ಕಣ್ಣಾರೆ ಕಂಡೆ.

ಕುದುರೆಯ ಕಾಲು ಉಳುಕಿದ ಸಂಜೆ ಟಾಂಗಾ ಶಾಲೆಗೆ ಹೋಗಲಿಲ್ಲ. ನೀನು ಮನೆಯ ಪಕ್ಕದ ಎಣ್ಣೆ ಮಿಲ್ಲಿನಲ್ಲಿದ್ದೆ. ದೀಪ ಹಚ್ಚುವ ಹೊತ್ತಾದರೂ ನಿನ್ನ ಮಗಳು ಭದ್ರಿ ಬರಲಿಲ್ಲವೆಂದು ನಾನೇ ಸೆರಗು ಹೊದ್ದು, ದಾರಿ ಕೇಳಿಕೊಂಡು ಶಾಲೆಗೆ ನಡೆದೆ. ಬೇರೆ ಹುಡುಗಿಯರೆಲ್ಲ ಆಗಲೇ ನಡೆದು ಮನೆ ಮುಟ್ಟಿದ್ದರು. ಭದ್ರಿ ಒಬ್ಬಳೇ ಗೋಡೆಗೆ ಆತು ನಿಂತು ಬಿಕ್ಕುತ್ತಿದ್ದಳು.

"ಯಾಕ ಬೇ, ನಡಕೊಂತ ಬರಬಾರದಾ?" ಎಂದೆ.

"ನನಗ ಮನಿ ದಾರಿ ಗೊತ್ತಿಲ್ಲ, ಅತ್ತಿ" ಎಂದಳು.

ಹತ್ತು ವರ್ಷದ ಹುಡುಗಿ! ನೀನು ಟಾಂಗಾಕ್ಕೆ ಕಟ್ಟಿಸಿದ ಪರದೆಯ ಒಳಗೇ ಹೋಗಿ ಒಳಗೇ ಬರುವವಳಿಗೆ ದಾರಿ ಹೇಗೆ ಗೊತ್ತಾಗಬೇಕು? ಕೈ ಹಿಡಿದು ಕರೆದುಕೊಂಡು ಹೊರಟೆ. ಬಜಾರದಲ್ಲಿ ತೀನ್ ಕಂದೀಲಿನ ಹತ್ತಿರ ಬರುವ ಹೊತ್ತಿಗೆ ಅಳು ನಿಂತಿತ್ತು. ಅತ್ತರಿನ ಅಂಗಡಿ, ಸೀತಾಫಲದ ಬುಟ್ಟಿ, ಲಾಳ ಬಡಿಯುವವನು, ಎಲ್ಲದರ ಮುಂದೆಯೂ ಕಣ್ಣರಳಿಸಿ ನಿಂತಳು. ಆಮೇಲೆ ನನ್ನ ಸೆರಗು ಜಗ್ಗಿ ಕೇಳಿದಳು: "ಅತ್ತೀ, ಇದು ಯಾ ಊರು?"

ಅವಳು ಹುಟ್ಟಿದ ಊರು ತಮ್ಮಾ ಅದು. ಮೊದಲು ನನಗೆ ನಗು ಬಂತು, ಆಮೇಲೆ ನಿನ್ನ ಮೇಲೆ ಸಿಟ್ಟು ಬಂತು. ಮುಂದೆ ಶೇಂಗಾ ಎಣ್ಣೆಯ ವಾಸನೆ ಬಂದದ್ದೇ ತಡ, "ನಮ್ಮ ಮಿಲ್ಲು!" ಎಂದು ಕೈ ಬಿಡಿಸಿಕೊಂಡು ಓಡಿದಳು. ಮನೆಯನ್ನು ತಾನೇ ಹುಡುಕಿದೆನೆಂಬ ಹೆಮ್ಮೆ ಅವಳಿಗೆ. ನೀನೋ, ಹೊಸ್ತಿಲಲ್ಲಿ ನಿಂತು ಅವಳ ಮುಖ ನೋಡಲಿಲ್ಲ, ಧೂಳಾದ ಕಾಲು ನೋಡಿ ಗದರಿದೆ:

"ಮಂದಿ ಏನಂದಾರು? ವಿರೂಪಣ್ಣ ದಿವಾಳಿ ಎದ್ದಾನ, ಮಗಳನ್ನ ಬಜಾರದಾಗ ನಡಸಾಕತ್ತಾನ ಅಂತಾರ. ಕುದುರಿ ನೆಟ್ಟಗಾಗೋತನಾ ಸಾಲಿ ಬ್ಯಾಡ."

'ಆಗುವವರೆಗೆ' ಎನ್ನುವ ಈ 'ಆಗೋತನಾ' ಮಾತು ನನಗೆ ಹೊಸದಲ್ಲ. ದೇವದುರ್ಗದಲ್ಲಿ ಅಪ್ಪ ನನ್ನನ್ನೂ ಪರದೆಯ ಬಂಡಿಯಲ್ಲೇ ಓದಲು ಕಳಿಸುತ್ತಿದ್ದ. ಹೋದ ನಾಲ್ಕೇ ದಿನಕ್ಕೆ, ಅಕ್ಷರ ಹತ್ತುವ ಮೊದಲೇ, ಬಂಡಿಯ ಎತ್ತು ಸತ್ತಿತು. "ಬ್ಯಾರೆ ಎತ್ತು ತರೋತನಾ ಮನ್ಯಾಗಿರು ಯವ್ವಾ" ಎಂದ. ಎತ್ತೇನೋ ಬಂತು. ಅದನ್ನು ಹೂಡಿದ ಬಂಡಿಯಲ್ಲೇ ನನ್ನನ್ನು ಮಾನ್ವಿಗೆ, ಗಂಡನ ಮನೆಗೆ ಕಳಿಸಿದರು.

ನಾನು ಮನೆಯಲ್ಲಿ ಕೂತ ದಿನಗಳಲ್ಲಿ, ಗಂಡುಹುಡುಗ ನೀನು ಶಾಲೆಗೆ ನಡೆದೇ ಹೋಗುತ್ತಿದ್ದೆ. ಸಂಜೆ ಧೂಳುಗಾಲಲ್ಲಿ ನೆಟ್ಟಗೆ ಅಡಿಗೆಮನೆಗೆ ಬಂದು, ಅಂದು ಕಲಿತದ್ದನ್ನು ಇದ್ದಿಲಿನಿಂದ ನೆಲದ ಮೇಲೆ ಬರೆದು, "ಅಕ್ಕಾ, ಈಗ ನೀ ತಿದ್ದು" ಎನ್ನುತ್ತಿದ್ದೆ. ನೆನಪಿದೆಯೇ? ಈ ಕಾಗದದ ಒಂದೊಂದು ಅಕ್ಷರವನ್ನೂ ನೀನೇ ನಡೆದು ಹೋಗಿ ನನಗೆ ತಂದುಕೊಟ್ಟದ್ದು. ಆ ತಮ್ಮನ ಮೇಲೆ ನನಗೆ ಪ್ರಾಣ. ಈ ಮಿಲ್ಲಿನ ಸಾಹುಕಾರ ಯಾರೋ, ನಾನರಿಯೆ.

ಬರುವ ಸೋಮವಾರ ಮೋಟಾರು ಬಸ್ಸಿಗೆ ಬರುತ್ತೇನೆ. ಭದ್ರಿಗೆ ದಾರಿ ರೂಢಿಯಾಗುವವರೆಗೆ ಜೊತೆಗೆ ನಾನೇ ನಡೆಯುತ್ತೇನೆ. ನೀನು ಅಡ್ಡ ನಿಂತರೆ ಜಗಳವಾಡುವುದಿಲ್ಲ. ನಿನ್ನ ಮನೆಯ ಮುಂದಿನ ಕಟ್ಟೆಯ ಮೇಲೆ ಅವಳನ್ನು ಕೂರಿಸಿ, ಇದ್ದಿಲಿನಿಂದ ಅಲ್ಲೇ ಅಕ್ಷರ ತಿದ್ದಿಸುತ್ತೇನೆ. ಹಾದುಹೋಗುವವರು ಯಾಕೆಂದು ಕೇಳಿದರೆ, "ನಮ್ಮ ಕುದುರಿ ಕುಂಟಾಕತ್ತದ್ರಿ, ಅದಕ್ಕ ಹುಡುಗಿ ಸಾಲಿಗಿ ಹೋಗಂಗಿಲ್ಲ" ಎನ್ನುತ್ತೇನೆ. ಮಂದಿ ಏನನ್ನುತ್ತಾರೋ ಆಗ ಕೇಳಿಸಿಕೋ.

ಇಲ್ಲಿ ಎಲ್ಲರೂ ಕ್ಷೇಮ. ಕುದುರೆಯ ಕಾಲಿಗೆ ಅರಿಶಿನ ಎಣ್ಣೆ ಬಿಸಿಮಾಡಿ ಕಟ್ಟು. ಅದಕ್ಕೆ ನಿಧಾನವಾಗಿಯೇ ಗುಣವಾಗಲಿ, ನಮಗೇನೂ ಅವಸರವಿಲ್ಲ.

ನಿನ್ನ ಮನೆ ತಂಪಾಗಿರಲಿ. ನಿನ್ನ ಮಗಳ ಕಾಲಿಗೆ ಊರ ಧೂಳು ಹತ್ತಲಿ.

ಇಂತಿ, ನೀನು ಅಕ್ಷರ ಕಲಿಸಿದ ಅಕ್ಕ,
ಗುರುಶಾಂತಮ್ಮ