ಕಂಡಕ್ಟರನ್ನು ನಡುದಾರಿಯಲ್ಲಿ ಇಳಿಸಿದ ಅಧಿಕಾರಿಗಳಿಗೆ

ಮಾನಸಿಕ ಚೇತರಿಕೆ ಸೇವೆಗಳ ಮಾನ್ಯ ನಿರ್ದೇಶಕರೇ,

ಕಳೆದ ತಿಂಗಳು ನೀವು ಕೆಲಸದಿಂದ ತೆಗೆದ ಮನುಷ್ಯನ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚಿದೆ. ಅವರನ್ನು ಮತ್ತೆ ಕೆಲಸಕ್ಕೆ ಕರೆಯಿರಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಈ ಎರಡು ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೂ ದಯವಿಟ್ಟು ಪೂರ್ತಿ ಓದಿ. ತಾಳೆಯಾಗದ ಎಷ್ಟೋ ಆದೇಶಗಳು ನಿಮ್ಮ ಕಚೇರಿಯಿಂದ ಬಂದಿವೆ, ನಾವು ಅವನ್ನೆಲ್ಲ ಪೂರ್ತಿ ಓದಿದ್ದೇವೆ.

ಆ ಮನುಷ್ಯನಿಗೆ ನೀವು ಇಟ್ಟ ಹೆಸರು 'ಸಮಾನಾನುಭವಿ ಚೇತರಿಕೆ ಬೆಂಬಲ ಕಾರ್ಯಕರ್ತ'. ಮೂಗಿಗಿಂತ ಮೂಗುತಿ ಭಾರ. ಮನಸ್ಸಿನ ಕಾಯಿಲೆಯನ್ನು ಸ್ವತಃ ಅನುಭವಿಸಿ, ಎದ್ದು ನಿಂತು, ಈಗ ಅದೇ ದಾರಿಯಲ್ಲಿ ಬೀಳುತ್ತ ಏಳುತ್ತ ಇರುವ ಇನ್ನೊಬ್ಬರ ಜೊತೆ ನಡೆಯುವವರು ಎಂಬುದು ಅದರ ಅರ್ಥ. ಇವರು ಕಾಯಿಲೆ ಬೀಳುವ ಮೊದಲು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ನಮ್ಮ ಮನೆಯಲ್ಲಿ ಇಂದಿಗೂ ಅವರ ಹೆಸರು ಕಂಡಕ್ಟರ್.

ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ನೀರು ಸರಬರಾಜು ಕಚೇರಿಯಲ್ಲಿ ಫೋನಿನ ಮುಂದೆ ಕುಳಿತು ದೂರು ಕೇಳುವುದು ನನ್ನ ಕೆಲಸ. ನಲ್ಲಿಯಲ್ಲಿ ನೀರಿಲ್ಲ ಎಂದು ಶುರುಮಾಡಿದವರು ಸೊಸೆಯ ಬಗ್ಗೆ, ಮಂಡಿನೋವಿನ ಬಗ್ಗೆ, ಸತ್ತುಹೋದ ನಾಯಿಯ ಬಗ್ಗೆ ಹೇಳಿ ಮುಗಿಸುತ್ತಾರೆ. 'ಪರಿಶೀಲಿಸಲಾಗುತ್ತಿದೆ' ಎಂದರೆ ಏನರ್ಥ ಎಂಬುದು ನನಗೆ ಚೆನ್ನಾಗಿ ಗೊತ್ತು, ಆದ್ದರಿಂದ ಆ ಪದವನ್ನು ನನಗೆ ಉತ್ತರವಾಗಿ ಕಳಿಸಬೇಡಿ. ಊರಿನವರೆಲ್ಲ ನನ್ನ ಹತ್ತಿರ ಗೋಳು ತೋಡಿಕೊಳ್ಳುತ್ತಿದ್ದಾಗ, ನನ್ನ ಗಂಡ ಮಾತ್ರ ಒಂದು ಮಾತೂ ಆಡದೆ ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದರು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ.

ನನ್ನ ಗಂಡ ಬಡಗಿ. ಹತ್ತು ವರ್ಷದ ಕೆಳಗೆ ಅವರಿಗೆ ದನಿ ಕೇಳಿಸತೊಡಗಿತು. ಯಾರೂ ಇಲ್ಲದ ಕಡೆಯಿಂದ ಯಾರೋ ಬಯ್ಯುವ ದನಿ. ಉಳಿ, ಗರಗಸ ಎಲ್ಲ ಮಂಚದ ಕೆಳಗೆ ಸೇರಿದವು. ವೈದ್ಯರನ್ನು ನಾನು ದೂರುವುದಿಲ್ಲ, ಅವರು ಕೊಟ್ಟ ಮಾತ್ರೆಯಿಂದಲೇ ನನ್ನ ಗಂಡ ನಿದ್ದೆ ಕಂಡದ್ದು. ಆದರೆ ಮಾತ್ರೆ ಮನುಷ್ಯನನ್ನು ಕೋಣೆಯಿಂದ ಹೊರಗೆ ಕರೆದು ತರಲಿಲ್ಲ. ಅದನ್ನು ಮಾಡಬೇಕಾದವಳು ನಾನೇ ಎಂದುಕೊಂಡಿದ್ದೆ. ಮುದ್ದು ಮಾಡಿದೆ, ಗದರಿದೆ, ಅತ್ತೆ, ಇಷ್ಟದ ಅಡುಗೆ ಮಾಡಿ ಬಾಗಿಲ ಮುಂದೆ ಕುಳಿತೆ. ದನಿಯ ಮಾತು ಬಂದಾಗಲೆಲ್ಲ "ಅಂಥದ್ದೇನೂ ಇಲ್ಲ ರೀ, ಸುಮ್ಮನೆ ಮಲಗಿ" ಎಂದು ಹೇಳುತ್ತಿದ್ದೆ.

ಆಮೇಲೆ ನಿಮ್ಮ ಕೇಂದ್ರದಿಂದ ಕಂಡಕ್ಟರ್ ಬಂದರು. ಹೇಳಿದ ಹೊತ್ತಿಗೆ ಬರಲಿಲ್ಲ. ಒದ್ದೆ ಚಪ್ಪಲಿಯನ್ನು ನಾನು ಆಗಷ್ಟೇ ಒರೆಸಿದ ನೆಲದ ಮೇಲೇ ಬಿಟ್ಟರು. ನನ್ನನ್ನು ನೋಡಿ "ಅಕ್ಕಾ, ಚಹಾ ಇದ್ಯಾ?" ಎಂದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ನಾನು ಅಕ್ಕನಂತೆ! ಕೋಣೆಯೊಳಗೆ ಹೋಗಿ ನನ್ನ ಗಂಡನ ಎದುರು ಕುಳಿತು, ಹೊರಗೆ ಬಿಸಿಲು ಹೇಗಿದೆ ಎಂದು ಕೇಳುವಷ್ಟು ಸಲೀಸಾಗಿ ಕೇಳಿದರು.

"ಏನು ಸಾಹೇಬ್ರೇ, ಇವತ್ತು ದನಿ ಜೋರಾಗಿದ್ಯೋ, ಮೆತ್ತಗಿದ್ಯೋ?"

ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತೆ. ಯಾವುದನ್ನು ಇಲ್ಲ ಇಲ್ಲ ಎಂದು ನಾನು ಒಂಬತ್ತು ವರ್ಷ ಜಪ ಮಾಡಿದ್ದೆನೋ, ಅದನ್ನು ಈ ಮನುಷ್ಯ ಮನೆಗೆ ಬಂದ ನೆಂಟರ ಹಾಗೆ ವಿಚಾರಿಸುತ್ತಿದ್ದಾರೆ! ನನ್ನ ಗಂಡ ಮೆಲ್ಲಗೆ ಏನೋ ಹೇಳಿದರು. ಆಮೇಲೆ ಇಬ್ಬರೂ ನಕ್ಕರು. ನನ್ನ ಗಂಡನ ನಗು ಹೇಗಿರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು, ಮಾನ್ಯರೇ. ನಾನು ಸಂತೋಷಪಡಬೇಕಿತ್ತು. ಪಡಲಿಲ್ಲ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಹಿತ್ತಲ ಗಿಡಕ್ಕೆ ಆಗ ಹೇಗನ್ನಿಸುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಅವರು ಹೊರಡುವಾಗ ಹಿಂದೆಯೇ ಹೋಗಿ ಕೇಳಿದೆ, "ಏನು ಹೇಳಿದ್ರು ನಿಮ್ಮ ಹತ್ರ?"

"ಅದನ್ನ ಅವ್ರೇ ಹೇಳ್ಬೇಕು ಅಕ್ಕಾ. ನಾನು ಟಿಕೆಟ್ ಹರಿಯೋನು ಅಷ್ಟೇ, ಬಸ್ಸು ಅವ್ರದ್ದು."

ಹೀಗೆ ಹೇಳಿ, ನಮ್ಮ ಮನೆಯದೇ ಬಿಸ್ಕತ್ತನ್ನು ಬಾಯಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ಅವರು ವಾರವಾರವೂ ಬಂದರು, ನಾನು ವಾರವಾರವೂ ಉರಿದೆ. ದನಿ ಬಂದರೆ ಜಗಳವಾಡಬೇಡಿ, 'ಈಗ ಕೆಲಸವಿದೆ, ಸಂಜೆ ಚಹಾ ಆದ ಮೇಲೆ ಬಾ' ಎಂದು ಹೇಳಿಕಳಿಸಿ ಎಂದು ಅವರು ಕಲಿಸಿಕೊಟ್ಟರು. ನನ್ನ ಗಂಡ ಹಾಗೇ ಹೇಳುತ್ತಿದ್ದರು, ದನಿಯೂ ಎಷ್ಟೋ ಸಲ ಕೇಳುತ್ತಿತ್ತಂತೆ. ಇಲ್ಲದ ದನಿಗೆ ಸಂಜೆಯ ಹೊತ್ತು ನಿಗದಿಯಾಯಿತು, ಇರುವ ಹೆಂಡತಿಗೆ ಯಾವ ಹೊತ್ತೂ ಇರಲಿಲ್ಲ. ಮಂಚದ ಕೆಳಗಿನ ಉಳಿ ಮತ್ತೆ ಹೊರಗೆ ಬಂತು. ನನ್ನ ಅಡುಗೆಮನೆಯ ಕಪಾಟಿನ ಬಾಗಿಲು ಒಂದೇ ಕೀಲಿನಲ್ಲಿ ವರ್ಷಗಳಿಂದ ನೇತಾಡುತ್ತಿದೆ. ನನ್ನ ಗಂಡ ಮೊದಲು ಮಾಡಿದ್ದು ಏನು ಗೊತ್ತೇ? ಬಸ್ಸಿನಲ್ಲಿ ನಿಂತು ನಿಂತು ಮಂಡಿ ಸವೆದುಹೋದ ಕಂಡಕ್ಟರಿಗೆ ಕೂರಲು ಒಂದು ಸ್ಟೂಲು. ಕಪಾಟಿನ ಬಾಗಿಲು ಇಂದಿಗೂ ನೇತಾಡುತ್ತಿದೆ.

ಒಂದು ಭಾನುವಾರ ಮಧ್ಯಾಹ್ನ ನನ್ನ ಗಂಡ ನನ್ನನ್ನು ಒಳಗೆ ಕರೆದು ಕೂರಲು ಹೇಳಿದರು. ಕಂಡಕ್ಟರ್ ಆ ಸ್ಟೂಲಿನ ಮೇಲೆ ಕುಳಿತು ಕಿಟಕಿಯ ಕಡೆ ನೋಡುತ್ತಿದ್ದರು. ನನ್ನ ಗಂಡ ತಲೆ ತಗ್ಗಿಸಿಕೊಂಡೇ ಹೇಳಿದರು.

"ಆ ದನಿ ನಿನ್ನದು. ನಿನ್ನ ಥರಾನೇ ಇರುತ್ತೆ. ನೀನು ಅಡುಗೆಮನೇಲಿ ಸುಮ್ಮನಿದ್ರೂ ಇಲ್ಲಿ ಬಯ್ಯುತ್ತೆ. ಯಾವ ಮಾತು ನಿಂದು, ಯಾವುದು ಅದರದ್ದು ಅಂತ ಗೊತ್ತಾಗ್ತಿರ್ಲಿಲ್ಲ. ಅದಕ್ಕೇ ನಿನ್ನ ಹತ್ರ ಮಾತಾಡೋಕೆ ಭಯ."

ನಾನು ಎದ್ದು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ. ನಾನು ಬಾಗಿಲಾಚೆಯಿಂದ ಪ್ರೀತಿಯಿಂದ ಕರೆದಾಗಲೂ ಒಳಗಿದ್ದವರಿಗೆ ಕೇಳಿಸಿದ್ದು ಬೈಗುಳವೇ ಇರಬಹುದು ಎಂಬುದನ್ನು ಯಾವ ಹೆಂಡತಿ ಸಹಿಸಿಯಾಳು? ಮುಖ ತೊಳೆದು ವಾಪಸು ಬಂದು ಕೇಳಿದೆ, "ಅದು ನನ್ನ ಥರ ಸಾಮಾನು ತನ್ನಿ ಅಂತ ಹೇಳುತ್ತಾ? ಸ್ನಾನ ಮಾಡಿ ಅನ್ನುತ್ತಾ?"

"ಇಲ್ಲ. ಬರೀ ಬಯ್ಯುತ್ತೆ."

"ಹಾಗಾದ್ರೆ ಅದು ನಾನಲ್ಲ ಬಿಡಿ. ಕೆಲಸ ಹೇಳದೆ ನಾನು ಯಾವತ್ತು ಬೈದಿದ್ದೀನಿ?"

ಮೂವರೂ ನಕ್ಕೆವು, ಮೂವರೂ ಕಣ್ಣೊರೆಸಿಕೊಂಡೆವು. ಕಂಡಕ್ಟರ್ ಆಗ ಬಾಯಿಬಿಟ್ಟರು. ಅವರಿಗೆ ಕೇಳಿಸುತ್ತಿದ್ದದ್ದು ಅವರ ತಂದೆಯ ದನಿಯಂತೆ. "ಇನ್ಮೇಲೆ ಮಾತಾಡೋ ಮುಂಚೆ ಅವ್ರ ಕೈ ಮುಟ್ಟಿ ಅಕ್ಕಾ. ಅದಕ್ಕೆ ಕೈ ಇಲ್ಲ, ನಿಮಗಿದೆ" ಎಂದರು. ಅಂದಿನಿಂದ ನಾನು ನನ್ನ ಗಂಡನ ಮುಂಗೈ ಮುಟ್ಟಿಯೇ ಮಾತಾಡುತ್ತೇನೆ. ಒಂಬತ್ತು ವರ್ಷದ ಮೇಲೆ ನಮ್ಮ ಮನೆಯಲ್ಲಿ ಸಂಸಾರ ಮತ್ತೆ ಶುರುವಾದದ್ದು ಹೀಗೆ, ಮತ್ತು ಇದು ನನಗೆ ಹೊಳೆಯಲಿಲ್ಲವಲ್ಲ, ಈ ಬಿಸ್ಕತ್ತು ತಿನ್ನುವ ಮನುಷ್ಯನಿಗೆ ಹೊಳೆಯಿತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ನಿಮ್ಮ ವಿಷಯಕ್ಕೆ ಬರೋಣ. ಇಂಥ ಕೆಲಸಕ್ಕೆ ನೀವು ಕೊಟ್ಟ ತರಬೇತಿ ಒಂದು ವಾರದ್ದು. ಪರದೆಯ ಮೇಲೆ ಚಿತ್ರ ತೋರಿಸಿದರಂತೆ. 'ನಿಮ್ಮ ಕಥೆಯನ್ನು ಹಂಚಿಕೊಳ್ಳಿ' ಎಂಬುದು ಮುಖ್ಯ ಪಾಠವಂತೆ. ಕೇಳಿಸಿಕೊಂಡ ಇನ್ನೊಬ್ಬರ ಕಥೆ ನಿಮ್ಮ ಜೊತೆಗೇ ಮನೆಗೆ ಬಂದು ಹಾಸಿಗೆಯಲ್ಲಿ ಮಲಗಿದರೆ ಏನು ಮಾಡಬೇಕು ಎಂಬ ಪಾಠ ಇರಲಿಲ್ಲವಂತೆ. ಕೊನೆಗೆ ಪ್ರಮಾಣಪತ್ರ, ಗುಂಪು ಫೋಟೋ, ಮಧ್ಯದಲ್ಲಿ ನೀವು. ಆಮೇಲೆ ಒಬ್ಬರ ತಲೆಗೆ ಮೂವರ ಕೆಲಸ. ಕೇಂದ್ರದಲ್ಲಿ ಕೂರಲು ಸಿಬ್ಬಂದಿ ಕೋಣೆಯಲ್ಲಿ ಜಾಗವಿಲ್ಲ, ರೋಗಿಗಳು ಕಾಯುವ ಬೆಂಚಿನ ಮೇಲೇ ಕೂರಬೇಕು. ಹೋಗಬೇಕಾದ ಮನೆಗಳು ಜಾಸ್ತಿಯಾದವು ಎಂದು ಕಂಡಕ್ಟರ್ ಒಮ್ಮೆ ದನಿ ಎತ್ತಿ ಕೇಳಿದ್ದಕ್ಕೆ ಸಿಕ್ಕ ಉತ್ತರ, "ಯಾಕೋ ಸಿಡುಕು ಜಾಸ್ತಿ ಆಗಿದೆ, ಮಾತ್ರೆ ಸರಿಯಾಗಿ ತಗೋತಿದ್ದೀರಾ?" ನೀವು ಮೇಜು ಗುದ್ದಿದರೆ ಅದು ಆಡಳಿತ, ಅವರು ಗಂಟಲು ಏರಿಸಿದರೆ ಅದು ರೋಗಲಕ್ಷಣ. ಎಂಥ ಅನುಕೂಲದ ಶಾಸ್ತ್ರ!

ಅವರು ಹೋಗುತ್ತಿದ್ದ ಇನ್ನೊಂದು ಮನೆಯ ಯುವತಿ ತೀರಿಕೊಂಡಳು. ನಿಮ್ಮ ಕೇಂದ್ರದಲ್ಲಿ ವೈದ್ಯರನ್ನೂ ನರ್ಸುಗಳನ್ನೂ ಒಟ್ಟಿಗೆ ಕೂರಿಸಿ ಸಮಾಧಾನದ ಮಾತಾಡಿದಿರಿ. ಒಳ್ಳೆಯದೇ ಮಾಡಿದಿರಿ. ಆದರೆ ಆ ಹುಡುಗಿಯ ಜೊತೆ ವರ್ಷವಿಡೀ ಪಾರ್ಕಿನಲ್ಲಿ ನಡೆದಾಡಿದವರು ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಅವರನ್ನು ಯಾರೂ ಒಳಗೆ ಕರೆಯಲಿಲ್ಲ. ಮರುದಿನ ಅವಳ ಜಾಗಕ್ಕೆ ಇನ್ನೊಂದು ವಿಳಾಸ ಕೊಟ್ಟಿರಿ. ಅವರು ಹೋದರು. ಕೆಲವು ವಾರದಲ್ಲಿ ನಿದ್ದೆ ಹೋಯಿತು, ಹಳೆಯ ದನಿ ಮರಳಿತು. ಆಗ ಆ ಮನುಷ್ಯ ಏನು ಮಾಡಿದರು? ಮುಚ್ಚಿಡಲಿಲ್ಲ. ತಾವೇ ಆಸ್ಪತ್ರೆಗೆ ನಡೆದು ಹೋಗಿ, ನಿಮ್ಮ ಕಚೇರಿಗೆ ಹೇಳಿ ರಜೆ ಕೇಳಿದರು. ನಮಗೆ ಏನು ಕಲಿಸಿದ್ದರೋ ಅದನ್ನೇ ಮಾಡಿದರು. ನೀವು ಅವರಿಗೆ 'ಮಾನಸಿಕ ಸ್ಥಿರತೆ ಇಲ್ಲ' ಎಂದು ಹೇಳಿ ಮನೆಗೆ ಕಳಿಸಿದಿರಿ. ಹಿಂದೆ ಕಾಯಿಲೆ ಇತ್ತೆಂಬುದು ಕೆಲಸಕ್ಕೆ ಅರ್ಹತೆ, ಈಗ ಕಾಯಿಲೆ ಬಂತೆಂಬುದು ಅನರ್ಹತೆ. ನಿಮ್ಮ ಕೇಂದ್ರದ ವೈದ್ಯರಿಗೆ ಜ್ವರ ಬಂದರೆ ಅವರ ಪದವಿಯನ್ನೂ ಕಿತ್ತುಕೊಳ್ಳುತ್ತೀರಾ? ಹೊಳೆ ದಾಟುವವರೆಗೂ ಅಂಬಿಗನ ಗುಣಗಾನ, ದಾಟಿದ ಮೇಲೆ ಅವನ ಮುಖವೂ ಬೇಡವೇ?

ಇಷ್ಟೇ ಆಗಿದ್ದರೆ ನಾನು ಬಹುಶಃ ಬರೆಯುತ್ತಿರಲಿಲ್ಲ. ಹೊಟ್ಟೆಕಿಚ್ಚಿನವಳು, ಒಳಗೊಳಗೇ ಸ್ವಲ್ಪ ಸಮಾಧಾನವೂ ಆಗಿರಬಹುದು. ಆದರೆ ಕಳೆದ ವಾರ ನಿಮ್ಮ ಕಚೇರಿಯಿಂದ ನನ್ನ ಗಂಡನಿಗೆ ಫೋನ್ ಬಂತು. ಈಗ ಚೇತರಿಸಿಕೊಂಡಿದ್ದೀರಿ, ಇದೇ ಕೆಲಸಕ್ಕೆ ಒಂದು ಜಾಗ ಖಾಲಿ ಇದೆ, ಸೋಮವಾರದಿಂದ ತರಬೇತಿ, ಬರುತ್ತೀರಾ ಎಂದು ಕೇಳಿದರು. ಹತ್ತು ವರ್ಷದ ಮೇಲೆ ನನ್ನ ಗಂಡನನ್ನು ಕೆಲಸ ಹುಡುಕಿಕೊಂಡು ಬಂದಿತ್ತು. ಅಂಗಿಗೆ ಇಸ್ತ್ರಿ ಹಾಕುವುದನ್ನು ನಾನು ಮನಸ್ಸಿನಲ್ಲೇ ಶುರುಮಾಡಿದ್ದೆ. ನನ್ನ ಗಂಡ ಹೇಳಿದ್ದು ಇಷ್ಟು: "ಆ ಜಾಗ ಖಾಲಿ ಇಲ್ಲ ಸಾರ್. ಅವ್ರಿಗೆ ಹುಷಾರಿಲ್ಲ, ಅಷ್ಟೇ." ಹೇಳಿ ಫೋನ್ ಇಟ್ಟರು.

ನಾನು ಅವರ ಮುಂಗೈ ಮುಟ್ಟಿದೆ. ಮುಟ್ಟಿ, "ನಿಮಗೇನು ಹುಚ್ಚು ಹಿಡಿದಿದ್ಯಾ?" ಎಂದೆ. ಬಾಯಿಂದ ಬಿದ್ದುಹೋಯಿತು.

ಅವರು ಜೋರಾಗಿ ನಕ್ಕರು. "ಹೌದಲ್ಲ, ಅದಕ್ಕೇ ಅಲ್ವಾ ಕೆಲಸ ಕೊಡ್ತಿರೋದು!" ನಕ್ಕು ಮುಗಿಸಿ ಮೆಲ್ಲಗೆ ಹೇಳಿದರು, "ನಂಗೆ ಆ ಕೆಲಸ ಬೇಕು. ತುಂಬಾ ಬೇಕು. ಆದ್ರೆ ನಾನು ಬಿದ್ದ ದಿನ ನನ್ನ ಜಾಗಕ್ಕೂ ಹೀಗೇ ಇನ್ಯಾರಿಗೋ ಫೋನ್ ಮಾಡ್ತಾರೆ."

ಇದಕ್ಕೆ ಉತ್ತರ ನಿಮ್ಮ ಬಳಿ ಇದೆಯೇ?

ಈಗ ದಿನವೂ ಸಂಜೆ ನನ್ನ ಗಂಡ ಸೈಕಲ್ ಅಂಗಡಿಯ ಮೇಲೆ ಕಂಡಕ್ಟರ್ ಇರುವ ಒಂಟಿ ಕೋಣೆಗೆ ಹೋಗುತ್ತಾರೆ. ಕಂಡಕ್ಟರ್ ಗೋಡೆಯ ಕಡೆ ತಿರುಗಿ ಮಲಗಿರುತ್ತಾರಂತೆ. ಇವರು ಪಕ್ಕದಲ್ಲಿ ಕುಳಿತು, ದನಿ ಜೋರಾಗಿದೆಯೋ ಮೆತ್ತಗಿದೆಯೋ ಎಂದು ಕೇಳುತ್ತಾರಂತೆ. ಒಂದೊಂದು ದಿನ ಉತ್ತರ ಬರುತ್ತದೆ, ಒಂದೊಂದು ದಿನ ಇಲ್ಲ. ನಾನು ಕಚೇರಿಯಿಂದ ಬರುವ ಹೊತ್ತಿಗೆ ಮನೆಗೆ ಬೀಗ. ಒಂಬತ್ತು ವರ್ಷ ಮನೆಯಲ್ಲಿದ್ದೂ ನನಗೆ ಸಿಗದ ಮನುಷ್ಯ, ಸಿಕ್ಕ ಮೇಲೆ ಮನೆಯಲ್ಲಿಲ್ಲ. ಗಂಡ ಇನ್ನೊಬ್ಬಳ ಮನೆಗೆ ಹೋಗುತ್ತಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಮಂಡಿ ಸವೆದ, ಹೊಟ್ಟೆ ಬಂದ, ಕಾಯಿಲೆಯ ಕಂಡಕ್ಟರಿನ ಜೊತೆ ನಾನು ಹೇಗೆ ಜಗಳವಾಡಲಿ? ಆದ್ದರಿಂದ ನಿಮ್ಮ ಜೊತೆ ಆಡುತ್ತಿದ್ದೇನೆ.

ನನ್ನ ಬೇಡಿಕೆ ಇದು. ಕಂಡಕ್ಟರ್ ಗುಣವಾಗುವವರೆಗೆ ಅವರಿಗೆ ರಜೆ ಕೊಡಿ, ಗುಣವಾಗಿ ಬಂದಾಗ ಅವರ ಜಾಗ ಅವರಿಗೇ ಇರಲಿ. ಅವರಂಥವರು ತಮ್ಮ ಭಾರ ಇಳಿಸಿಕೊಳ್ಳಲು ವಾರಕ್ಕೊಮ್ಮೆಯಾದರೂ ಈ ದಾರಿಯಲ್ಲಿ ಮುಂದೆ ನಡೆದ ಒಬ್ಬರನ್ನು ಗೊತ್ತುಮಾಡಿ, ಆ ಒಬ್ಬರು ಇವರನ್ನು ಕೆಲಸದಿಂದ ತೆಗೆಯುವ ಅಧಿಕಾರಿಯೇ ಆಗಿರಬಾರದು. ಎಷ್ಟು ಮನೆಗಳನ್ನು ಹೊರಬಲ್ಲರೋ ಅಷ್ಟೇ ಕೊಡಿ. ಸಾವು ಬಂದ ದಿನ ಅವರನ್ನೂ ಒಳಗೆ ಕರೆಯಿರಿ. ತರಬೇತಿಯಲ್ಲಿ ಬೀಳುವುದರ ಬಗ್ಗೆಯೂ ಒಂದು ದಿನ ಮಾತಾಡಿ, ಏಕೆಂದರೆ ಅವರು ಬೀಳುತ್ತಾರೆ, ನನ್ನ ಗಂಡನೂ ಬೀಳಬಹುದು. ಇದೆಲ್ಲ ಆದರೆ ನನ್ನ ಗಂಡ ತಾವಾಗಿಯೇ ನಿಮ್ಮಲ್ಲಿಗೆ ಬರುತ್ತಾರೆ, ಅಂಗಿಯ ಇಸ್ತ್ರಿ ನನ್ನ ಜವಾಬ್ದಾರಿ. ಆಗದಿದ್ದರೆ ಅವರು ಬರುವುದಿಲ್ಲ. ಅವರು ಬರುತ್ತೇನೆಂದರೂ ನಾನು ಕಳಿಸುವುದಿಲ್ಲ.

ಇದನ್ನು ನಾನು ಲೋಕಕಲ್ಯಾಣಕ್ಕಾಗಿ ಕೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ನಾನು ಅಷ್ಟು ದೊಡ್ಡ ಮನಸ್ಸಿನವಳಲ್ಲ. ಕಂಡಕ್ಟರಿನ ಪಕ್ಕದಲ್ಲಿ ಕೂರಬೇಕಾದದ್ದು ನಿಮ್ಮ ಇಲಾಖೆ. ಅಲ್ಲಿ ಈಗ ಕೂತಿರುವುದು ನನ್ನ ಗಂಡ. ನಿಮ್ಮ ಜಾಗಕ್ಕೆ ನೀವು ಬನ್ನಿ, ಅವರನ್ನು ನನಗೆ ಬಿಟ್ಟುಕೊಡಿ.

ಇಂತಿ,
ಇಂದೂ ಒಬ್ಬಳೇ ಊಟಕ್ಕೆ ಕುಳಿತು, ಇನ್ನೆರಡು ತಟ್ಟೆಯಷ್ಟು ಡಬ್ಬಿಗೆ ಕಟ್ಟಿ ಸೈಕಲ್ ಅಂಗಡಿಯ ಹುಡುಗನ ಕೈಯಲ್ಲಿ ಆ ಕೋಣೆಗೆ ಕಳಿಸಿದವಳು