ಹಸಿಮೆಣಸಿನ ಊರು

ಫೆಲ್ಥಮ್, ಲಂಡನ್
೧೫ ಮಾರ್ಚ್ ೨೦೨೫, ಶನಿವಾರ ಮಧ್ಯಾಹ್ನ

ಪ್ರೀತಿಯ ಮಗಳು ವಿಜೇತಾ,

ಹೇಗಿದ್ದೀ ಮಗಾ? ಕಳೆದ ವಾರ ಫೋನಿನಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದೆ, ಕಡಿಮೆಯಾಯಿತೇ? ಅಲ್ಲಿಯ ಡಾಕ್ಟರು ಔಷಧಿ ಕೊಟ್ಟರೋ, ಇಲ್ಲಿಯ ಜಿಪಿ ಡಾಕ್ಟರ ಹಾಗೆ ನೀರು ಕುಡಿದು ಮಲಗು ಎಂದು ಕಳಿಸಿಬಿಟ್ಟರೋ? ಅಪ್ಪನ ಸೊಂಟನೋವು ಇದ್ದ ಹಾಗೇ ಇದೆ. ಲಾರಿಯ ಸೀಟು ಬದಲಾಗುವವರೆಗೆ ಅದು ಹೋಗುವುದಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟಿದ್ದೆ. ಆದರೆ ಈ ಕಾಗದದಲ್ಲಿ ಒಂದೂ ಸುಳ್ಳು ಬರೆಯಬಾರದೆಂದು ಕುಳಿತಿದ್ದೇನೆ. ಮಂಗಳವಾರದಿಂದ ನನಗೆ ಅನ್ನ ಸೇರುತ್ತಿಲ್ಲ.

ದಿನಾ ಫೋನ್ ಮಾಡುವ ಅಮ್ಮ ಕಾಗದ ಯಾಕೆ ಬರೆದಳು ಎಂದು ನಿನಗೆ ಗಾಬರಿಯಾಗಬಹುದು. ನಿನ್ನ ಗೆಳತಿ ವಂದನಾ ಆಫೀಸಿನ ಕೆಲಸಕ್ಕೆಂದು ನಾಳೆ ಪ್ಯಾರಿಸ್ಸಿಗೆ ಬರುತ್ತಿದ್ದಾಳೆ. ಇದನ್ನು ನಿನ್ನ ಕೈಯಲ್ಲೇ ಕೊಡಬೇಕು ಎಂದು ಅವಳಿಂದ ಮಾತು ತೆಗೆದುಕೊಂಡಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು ಮರುಕ್ಷಣವೇ ನಮ್ಮ ಮಾಲಿಕರಾದ ಜಗನ್ನಾಥರಿಗೆ ಫೋನ್ ಮಾಡಿ "ಅಂಕಲ್, ಏನಿದು?" ಎಂದು ಕೇಳುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತು. ಅವರಿಗೆ ಗೊತ್ತಾಗುವ ಮೊದಲು ನಿನಗೆ ಗೊತ್ತಾಗಬೇಕು.

ಎರಡು ವರ್ಷದ ಹಿಂದೆ ಪ್ಯಾರಿಸ್ ಪಕ್ಕದ ದೊಡ್ಡ ಮಾರುಕಟ್ಟೆಯಲ್ಲಿ ನಿನಗೆ ಆ ಕೆಲಸ ಸಿಕ್ಕಾಗ ಅಪ್ಪ ಊರಿನ ಹೆಸರು ಕೇಳಿ, "ರಂಜಿಸ್ ಅಂದ್ರೆ ರಂಜಿಸುವ ಊರಾ?" ಎಂದು ನಕ್ಕಿದ್ದರು, ನೆನಪಿದೆಯಾ? ಕಳೆದ ಬೇಸಿಗೆಯಲ್ಲಿ ನೀನು ನನ್ನನ್ನು ಆ ಮಾರುಕಟ್ಟೆಗೆ ಕರೆದುಕೊಂಡು ಹೋದೆ. ಮೀನಿಗೊಂದು, ಹೂವಿಗೊಂದು, ಬೆಣ್ಣೆ ಚೀಸಿಗೆಂದೇ ಇನ್ನೊಂದು ಶೆಡ್ಡು. ಒಂದೊಂದೂ ನಮ್ಮ ಕುಂದಾಪುರದ ಬಸ್‌ಸ್ಟ್ಯಾಂಡಿನ ಎಷ್ಟೋ ಪಾಲು ದೊಡ್ಡದು. ಹಾಲೆಂಡಿನ ಲಾರಿ, ಇಟಲಿಯ ಲಾರಿ, ಪೋಲೆಂಡಿನ ಲಾರಿ ಸಾಲಾಗಿ ನಿಂತಿದ್ದವು. ಪ್ಯಾರಿಸ್ ಊಟಕ್ಕೆ ಕೂರುವ ಮೊದಲು ಅದರ ತಟ್ಟೆ ಇಲ್ಲಿ ತುಂಬುತ್ತದೆ, ನೀನಿರುವ ಕಾಲೊನಿಯಲ್ಲಿ ಮನೆಗೊಬ್ಬರಾದರೂ ಈ ಮಾರುಕಟ್ಟೆಯಿಂದಲೇ ಬದುಕುತ್ತಾರೆ ಎಂದು ನೀನು ತೋರಿಸುತ್ತ ಹೋದೆ. "ಬ್ರಿಟನ್ ಯುರೋಪು ಬಿಟ್ಟದ್ದಕ್ಕೆ ಎಲ್ರೂ ಅತ್ರಮ್ಮ, ನಂಗೆ ಮಾತ್ರ ಕೆಲಸ ಸಿಕ್ತು. ಮೊದ್ಲು ಲಾರಿ ಸೀದಾ ಲಂಡನ್ನಿಗೆ ಹೋಗ್ತಿತ್ತು, ಈಗ ಸರಕು ಯಾವ ದೇಶದ್ದು ಅನ್ನೋ ಕಾಗದಕ್ಕೆ ಪ್ರತಿ ಲಾರಿಗೂ ನನ್ನ ಸಹಿ ಬೇಕು" ಎಂದೆ. ಆ ಮಾತನ್ನು ನಾನು ಇಲ್ಲಿ ಎಷ್ಟು ಜನರಿಗೆ ಹೇಳಿಕೊಂಡು ಮೆರೆದೆನೋ ಲೆಕ್ಕವಿಲ್ಲ.

ಮಂಗಳವಾರ ರಂಜಿಸ್ಸಿನಿಂದ ಅಪ್ಪನ ಲಾರಿಯಲ್ಲೇ ಹಸಿಮೆಣಸು ಬಂತು. ನಾನು ಜಗನ್ನಾಥರ ಕೋಲ್ಡ್ ಸ್ಟೋರಿನಲ್ಲಿ ಎಂದಿನಂತೆ ಪೆಟ್ಟಿಗೆ ಬಿಚ್ಚಿ ಚಿಕ್ಕ ಪ್ಯಾಕೆಟ್ಟಿಗೆ ತುಂಬುತ್ತಿದ್ದೆ. ಒಂದು ಪೆಟ್ಟಿಗೆ ಒದ್ದೆಯಾಗಿತ್ತು, ಎತ್ತಿದರೆ ಲೇಬಲ್ ಕೈಗೇ ಬಂತು. ಮೇಲಿನದರಲ್ಲಿ ಸ್ಪೇನ್ ಎಂದಿತ್ತು. ಅದರ ಅಡಿಯ ಲೇಬಲ್ಲಿನಲ್ಲಿ ಯುರೋಪಿಗೆ ಸೇರದ, ಸಮುದ್ರದಾಚೆಯ ಒಂದು ದೇಶದ ಹೆಸರು. ಇನ್ನೊಂದು ಪೆಟ್ಟಿಗೆ ಕೆರೆದೆ, ಅದೂ ಹಾಗೇ. ಒಂದು ಮೆಣಸು ಮುರಿದರೆ ಒಳಗೆ ಗುಲಾಬಿ ಬಣ್ಣದ ಹುಳ ಹೊರಳಾಡುತ್ತಿತ್ತು. ಸರಕಿನ ಜೊತೆ ಬಂದ ಕಾಗದ ತೆಗೆದು ನೋಡಿದೆ. ಫ್ರೆಂಚು ನನಗೆ ಓದಲು ಬರುವುದಿಲ್ಲ. ಆದರೆ ಸ್ಪೇನ್ ಎಂಬುದು ಗೊತ್ತಾಗುತ್ತದೆ, ಅದರ ಕೆಳಗೆ ನನ್ನ ಮಗಳ ಹೆಸರು, ನನ್ನ ಮಗಳ ಸಹಿ.

ಜಗನ್ನಾಥರ ಆಫೀಸಿಗೆ ಹೋಗಿ ಕೇಳಿದೆ. ಕುಂದಾಪುರದವರೇ ಆದರೂ ಕೆಲಸಗಾರರೊಡನೆ ಅವರು ಬೆಂಗಳೂರಿನ ಕನ್ನಡವನ್ನೇ ಆಡುವುದು, ನಿನಗೆ ಗೊತ್ತಲ್ಲ. "ಯಾವ ದೇಶದ್ದಾದ್ರೇನು ಗುಣವತಿಯವ್ರೇ, ಖಾರ ಇದ್ರೆ ಸಾಕಲ್ವಾ? ನೀವು ಪ್ಯಾಕ್ ಮಾಡಿ" ಎಂದು ನಕ್ಕರು. ಸಂಜೆ ಅಪ್ಪನಿಗೆ ಹೇಳಿದೆ. ಅವರು ಚಪ್ಪಲಿ ಬಿಚ್ಚುತ್ತಿದ್ದವರು ಹಾಗೇ ಕುಳಿತರು. ಆಶ್ಚರ್ಯ ಮಾತ್ರ ಪಡಲಿಲ್ಲ. ರಂಜಿಸ್ ಮಾರುಕಟ್ಟೆಯ ಹೊರಗೆ ಲಾರಿ ನಿಲ್ಲುವ ಒಂದು ಯಾರ್ಡಿನಲ್ಲಿ ಸ್ಪೇನಿನ ಲೇಬಲ್ ಅಂಟಿಸುವುದನ್ನು ಅವರು ತಿಂಗಳ ಹಿಂದೆಯೇ ಕಂಡಿದ್ದಾರೆ. ಮನೆಗೆ ಬಂದು ನನ್ನೊಡನೆ ಒಂದು ಮಾತಾಡಿಲ್ಲ! "ಕಾಗ್ದದಾಗೆ ನಮ್ ಹೆಣ್ಣಿನ ಹೆಸ್ರ್ ಇತ್ತ್. ಎಂತ ಹೇಳೂದ್? ನೀನೂ ಬಾಯ್ ಮುಚ್ಕಂಡಿರ್" ಎಂದರು. ಮೂವತ್ತು ವರ್ಷದಲ್ಲಿ ನಾನು ಅವರ ಮೇಲೆ ಅಷ್ಟು ಕೂಗಾಡಿದ್ದಿಲ್ಲ. ಆಮೇಲೆ ನಾವಿಬ್ಬರೂ ಮಾತು ಬಿಟ್ಟೆವು.

ಗುರುವಾರ ಹಣ್ಣು ತರಕಾರಿ ತಪಾಸಣೆ ಮಾಡುವ ಸರ್ಕಾರದ ಇನ್‌ಸ್ಪೆಕ್ಟರ್ ಬಂದಳು. ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಮೆಲ್ಲಗೆ ಮಾತಾಡುವ ಹುಡುಗಿ. ಯಾವುದೋ ಅಂಗಡಿಯ ಮೆಣಸಿನಲ್ಲಿ ಹುಳ ಸಿಕ್ಕಿದೆಯಂತೆ. ಅದು ಇಲ್ಲಿಯ ಗಾಜಿನಮನೆಗಳಿಗೆ ಹೊಕ್ಕರೆ ರೈತರ ಬೆಳೆ ಪೂರ್ತಿ ಹೋಗುತ್ತದೆ, ಅದಕ್ಕೇ ಆ ಹುಳ ಇರುವ ದೇಶಗಳ ಸರಕನ್ನು ಕೊಯ್ದು ನೋಡದೆ ಬಿಡುವುದಿಲ್ಲ, ಸ್ಪೇನಿನದಕ್ಕೆ ಅಷ್ಟು ತಪಾಸಣೆ ಇಲ್ಲ ಎಂದು ಬಿಡಿಸಿ ಹೇಳಿದಳು. ಜಗನ್ನಾಥರು ನನ್ನನ್ನೇ ಮುಂದೆ ತಂದು ನಿಲ್ಲಿಸಿದರು. ಲೇಬಲ್ಲಿನ ಅಡಿಯಲ್ಲಿ ಬೇರೆ ಲೇಬಲ್ ಕಂಡಿದ್ದೀರಾ ಎಂದು ಅವಳು ಕೇಳಿದಳು. ನಾನು "ನೋ" ಎಂದೆ. ಅವಳು ಬರೆದುಕೊಂಡಳು, ನನ್ನ ಕೈಗೆ ತನ್ನ ಫೋನ್ ನಂಬರಿನ ಕಾರ್ಡು ಕೊಟ್ಟು ಹೋದಳು. ನಿನ್ನನ್ನು ಕಾಪಾಡಿದೆ ಎಂದುಕೊಂಡೆ ಮಗಾ.

ಆದರೆ ನಿನ್ನೆ ಜಗನ್ನಾಥರು ಮನೆಗೇ ಬಂದರು. ಕಾಫಿ ಕುಡಿದರು, ಉಪ್ಪಿಟ್ಟು ಚೆನ್ನಾಗಿದೆ ಎಂದರು. ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ಐತಪ್ಪನವ್ರೇ, ಫ್ರಾನ್ಸಿನ ಕಡೇನೂ ವಿಚಾರಣೆ ಆಗಬಹುದು. ಕಾಗದ ಅಲ್ಲಿಂದ ಬಂದದ್ದು, ಸಹಿ ವಿಜೇತಾದು. ನನಗೇನು ಗೊತ್ತು? ನೀವಿಬ್ರೂ ಸುಮ್ನಿದ್ರೆ ಅವಳಿಗೆ ಏನೂ ಆಗದ ಹಾಗೆ ನಾನು ನೋಡ್ಕೊಳ್ತೀನಿ" ಎಂದರು. ಅಪ್ಪನನ್ನು ಈ ದೇಶಕ್ಕೆ ಕರೆಸಿಕೊಂಡವರು, ನಿನ್ನನ್ನು ಎತ್ತಿ ಆಡಿಸಿದವರು. ನಗುತ್ತಲೇ ಹೇಳಿದರು. ಅವರು ಹೋದ ಮೇಲೆ ನಮಗೆ ಅರ್ಥವಾಯಿತು. ವಿಷಯ ಹೊರಗೆ ಬಂದ ದಿನ ಅವರು ಮುಂದೆ ತಳ್ಳುವುದು ನಿನ್ನನ್ನೇ.

ಈಗ ನಿನ್ನನ್ನು ಒಂದು ಕೇಳಬೇಕು. ನಿನಗೆ ಗೊತ್ತಿತ್ತೇ? "ಬೆಳಿಗ್ಗೆ ಎಪ್ಪತ್ತು ಫೈಲು ಇರುತ್ತಮ್ಮ, ಜಗನ್ನಾಥ ಅಂಕಲ್‌ದು ಅಂದ್ರೆ ನಾನು ಓದೋದೇ ಇಲ್ಲ" ಎಂದು ದೀಪಾವಳಿಯ ಹೊತ್ತಿಗೆ ನೀನೇ ಹೇಳಿದ್ದೆ. ನಾನು ಆಗ ಏನು ಹೇಳಿದೆ? "ನಮ್ಮೂರಿನವರ ಕೆಲಸ, ಬೇಗ ಮಾಡಿಕೊಡು" ಎಂದೆ. ನೀನು ಓದದೆ ಸಹಿ ಹಾಕಿದ್ದರೆ ಅದರಲ್ಲಿ ನನ್ನ ಮಾತೂ ಇದೆ. ಓದಿಯೇ ಹಾಕಿದ್ದರೂ ನೀನು ನನ್ನ ಮಗಳೇ. ಆದರೆ ನನ್ನ ಮುಂದೆ ಮುಚ್ಚಿಡಬೇಡ. ಅಲ್ಲಿ ನೀನಿರುವ ಪರ್ಮಿಟ್ಟು ಆ ಕೆಲಸದ ಮೇಲೇ ನಿಂತಿದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೆಮ್ಮಿಗೆ ಶುಂಠಿ ಕಷಾಯ ಮಾಡಿಕೋ, ಪುಡಿಯನ್ನು ವಂದನಾಳ ಕೈಯಲ್ಲಿ ಕಳಿಸಿದ್ದೇನೆ. ಏನೇ ಬರಲಿ, ಎದುರು ನಿಲ್ಲುವ ಧೈರ್ಯವನ್ನು ದೇವರು ನಿನಗೆ ಕೊಡಲಿ.

ನಿನ್ನ ಅಮ್ಮ,
ಗುಣವತಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗದ್ದು: ವಂದನಾಳ ಕಾರು ಬಂದಿದೆ, ಬೇಗ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ನಾನು ಆ ಇನ್‌ಸ್ಪೆಕ್ಟರ್ ಹುಡುಗಿಗೆ ಫೋನ್ ಮಾಡಿದೆ. ಗುರುವಾರ ಸುಳ್ಳು ಹೇಳಿದೆ ಎಂದೆ, ಕಂಡದ್ದೆಲ್ಲ ಹೇಳಿದೆ. ಸಹಿ ಯಾರದೆಂದು ಕೇಳಿದಳು. ನನ್ನ ಮಗಳದು ಎಂದೆ. ಅವಳು ನಿನ್ನ ಹೆಸರು ಕೇಳಿ ಬರೆದುಕೊಂಡು, ಸೋಮವಾರ ಮಧ್ಯಾಹ್ನ ಫ್ರಾನ್ಸಿನ ಅಧಿಕಾರಿಗಳಿಗೆ ಬರೆಯುತ್ತೇನೆ, ಅದಕ್ಕೆ ಮೊದಲು ನಿಮ್ಮ ಮಗಳೇ ಹೋಗಿ ಹೇಳಿದರೆ ಅವಳಿಗೆ ಒಳ್ಳೆಯದು ಎಂದಳು. ನಿನಗೆ ಸೋಮವಾರದ ಬೆಳಗ್ಗೆ ಒಂದೇ ಇದೆ. ಆಫೀಸಿಗೆ ಹೋಗಬೇಡ, ಸೀದಾ ಅಧಿಕಾರಿಗಳ ಹತ್ತಿರ ಹೋಗು. ಅಪ್ಪನಿಗೂ ಹೇಳಿದ್ದೇನೆ. ಯಾರ್ಡಿನಲ್ಲಿ ಕಂಡದ್ದನ್ನು ತಾವೂ ಹೇಳುತ್ತಾರಂತೆ. ನಿನ್ನ ಹೆಸರು ಹೇಳಿದವಳು ನಾನೇ ಮಗಾ, ಬೇರೆ ಯಾರೂ ಅಲ್ಲ. ಬೈಯುವುದಿದ್ದರೆ ಮನೆಗೆ ಬಂದು ಬೈಯಿ. ಬಂದೇ ಬೈಯಿ.