ಮಾವನ ಹೆಸರಿನಲ್ಲೇ ಉಳಿದ ಕಾರು

ನಿಂಗರಾಜ,

ಆರರ ಬಸ್ಸಿಗೆ ಬಾಗಲಕೋಟಿ ದವಾಖಾನಿಗೆ ಹೊಂಟೇನಿ. ಇವತ್ತು ನಿಮ್ಮಣ್ಣಗ ಆಪರೇಶನ್ ಐತಿ. ಅಪಘಾತ ಆದಾಗಿಂದ ನೀ ಮಲಗಿಲ್ಲ, ಅದಕ್ಕ ಎಬ್ಬಿಸಲಿಲ್ಲ.

ಹನ್ನೊಂದಕ್ಕ ಇನ್ಶೂರೆನ್ಸಿನವರು ಹುನಗುಂದದ ಗ್ಯಾರೇಜಿಗೆ ಬಂದು ಕಾರು ನೋಡ್ತಾರ. ಸೀಟಿನ ಮ್ಯಾಲಿನ ರಕ್ತ ತೊಳಿಬ್ಯಾಡ. ತೊಳದು ಕಾಯಿ ಒಡಿ ಅಂತ ನಿಮ್ಮವ್ವ ಎಷ್ಟು ಅಂದ್ರೂ ಕೇಳಬ್ಯಾಡ. ಕಾರು ಹೆಂಗೈತಿ ಹಂಗ ಇರಬೇಕು.

ಮಾಲಕರು ಎಲ್ಲಿ ಅಂತ ಕೇಳ್ತಾರ. ಮಾವನವರು ತೀರಿ ಎರಡು ವರ್ಷ ಆತು ಅಂತ ಖರೆ ಹೇಳು. ಹೋದ ಸಲ ಪಾಲಿಸಿ ಕಟ್ಟುವಾಗ ಅವರ ಸಹಿ ನೀ ಹೊಡದಿ, ಈ ಸಲ ಮಾಡಬ್ಯಾಡ. ಕಾರು ನಿಮ್ಮಣ್ಣನ ಹೆಸರಿಗೆ ಮಾಡಸ್ರಿ ಅಂತ ನಾ ಎಷ್ಟು ಬಡಕೊಂಡೆ! "ಕಾರಿನ ಮ್ಯಾಲರೆ ಅವರ ಹೆಸರು ಇರಲಿ" ಅಂತ ನಿಮ್ಮವ್ವ ಅತ್ತರು, ಅಣ್ಣ ತಮ್ಮ ಇಬ್ಬರೂ ಸುಮ್ಮನಾದ್ರಿ. ಈಗ ಗಾಯಕ್ಕ ಬರೋ ರೊಕ್ಕ ಪಾಲಿಸಿಯೊಳಗ ಹೆಸರಿದ್ದ ಮಾಲಕಗಷ್ಟೇ ಅಂತ. ಓಡಿಸಿದ ಮಗಗ ಇಲ್ಲ.

ಮಾವನವರ ಮರಣದ ದಾಖಲೆ ಟ್ರಂಕಿನ್ಯಾಗ, ಅವರ ರುಮಾಲಿನ ಮಡಿಕ್ಯಾಗ ಐತಿ. ನಿಮ್ಮವ್ವನ ಕೈಲೇ ತಗಸು. ಅಳ್ತಾರ, ಅಳಲಿ.

ಇವತ್ತು ನಿಮ್ಮಣ್ಣನ ಕಾಲು ತಗೀತಾರ ಅನ್ನೂದು ಮಾತ್ರ ನಿಮ್ಮವ್ವಗ ಹೇಳಬ್ಯಾಡ. ಅದನ್ನ ನಾ ಬಂದು ಹೇಳ್ತೇನಿ.

ವೈನಿ